ಸ್ಟಿಕ್, ಮಿಗ್, ಟಿಗ್, ಗ್ಯಾಸ್: ನಿಮ್ಮ ಕೆಲಸಕ್ಕೆ ಯಾವ ವೆಲ್ಡಿಂಗ್ ಹೊಂದುತ್ತದೆ?

ವೆಲ್ಡಿಂಗ್ ಕಲಿಯಲು ಹೊರಟವರು, ಸಣ್ಣ ವರ್ಕ್‌ಶಾಪ್ ಹಾಕುವವರು, ಮನೆಯ ಶೆಡ್ಡಿನಲ್ಲಿ ರಿಪೇರಿ ಮಾಡಿಕೊಳ್ಳುವವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸ್ಟಿಕ್ ಮೆಷಿನ್ ತೆಗೆದುಕೊಳ್ಳಲೋ, ಮಿಗ್‌ಗೆ ಹೋಗಲೋ, ಟಿಗ್ ಕಲಿತರೆ ಒಳ್ಳೆಯದೋ? ಸ್ಟಿಕ್ ಎಂದರೆ ಲೇಪ ಹಚ್ಚಿದ ಕಡ್ಡಿಯನ್ನೇ ಕರಗಿಸಿ ಬೆಸೆಯುವುದು, ಮಿಗ್ ಎಂದರೆ ಸುರುಳಿಯಿಂದ ತಾನೇ ಬರುವ ತಂತಿಯಿಂದ, ಟಿಗ್ ಎಂದರೆ ಕರಗದ ಟಂಗ್‌ಸ್ಟನ್ ಲೋಹದ ಮೊನೆಯಿಂದ. ಮಾರುವವರು ಮೂರನ್ನೂ ಮಾಡುತ್ತದೆ ಎಂದು ಒಂದೇ ಡಬ್ಬಿ ತೋರಿಸುತ್ತಾರೆ. ಕೊಳ್ಳುವವರು ಆಂಪಿಯರ್ ಅಂಕಿ ನೋಡಿ ದೊಡ್ಡದನ್ನು ಹೊತ್ತು ತರುತ್ತಾರೆ. ನನ್ನನ್ನು ಕೇಳಿದರೆ ಆಂಪಿಯರ್ ಕೊನೆಗೆ ನೋಡಬೇಕಾದ ಅಂಕಿ. ಮೊದಲು ನೋಡಬೇಕಾದದ್ದು ಆ ವಿಧಾನ ಹುಟ್ಟಿದ್ದು ಯಾವ ತೊಂದರೆ ಬಿಡಿಸಲು ಎಂಬುದನ್ನು. ಅದು ತಿಳಿದರೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಅರ್ಧಕ್ಕರ್ಧ ಗೊತ್ತಾದಂತೆಯೇ.

ಲೋಹವನ್ನು ಕರಗಿಸುವುದು ಅಷ್ಟೇನೂ ಕಷ್ಟವಲ್ಲ. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ನೋಡಿಕೊಳ್ಳುವುದೇ ಕಷ್ಟ. ಕೆಂಪಗೆ ಕರಗಿ ನಿಂತ ಉಕ್ಕು ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಳ್ಳುತ್ತದೆ. ತಣ್ಣಗಾದ ಮೇಲೆ ಒಳಗೆಲ್ಲ ಸಣ್ಣ ಸಣ್ಣ ತೂತು, ಜತೆಗೆ ಪೆಡಸು. ನೂರು ವರ್ಷಕ್ಕೂ ಮೀರಿದ ವೆಲ್ಡಿಂಗ್ ಚರಿತ್ರೆಯ ಬಹುಪಾಲು ಈ ಗಾಳಿಯನ್ನು ದೂರ ಇಡುವ ಉಪಾಯಗಳ ಚರಿತ್ರೆ. ಒಬ್ಬರು ರಾಡಿಗೆ ಲೇಪ ಹಚ್ಚಿದರು, ಇನ್ನೊಬ್ಬರು ಸಿಲಿಂಡರಿನಿಂದ ಅನಿಲ ಹಾಯಿಸಿದರು, ಮತ್ತೊಬ್ಬರು ತಂತಿಯ ಹೊಟ್ಟೆಯೊಳಗೆ ಪುಡಿ ತುಂಬಿದರು.

ಮೊದಲು ನಿಮ್ಮ ಕೆಲಸ ಏನೆಂದು ಬರೆದುಕೊಳ್ಳಿ

ಯಾವ ಲೋಹ? ಬರೀ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಉಕ್ಕು) ಆದರೆ ಎಲ್ಲ ದಾರಿಯೂ ತೆರೆದಿರುತ್ತದೆ. ಸ್ಟೇನ್‌ಲೆಸ್ ಬಂದರೆ ದಾರಿ ಕಿರಿದು, ಅಲ್ಯೂಮಿನಿಯಂ ಬಂದರೆ ಇನ್ನೂ ಕಿರಿದು. ಎಷ್ಟು ದಪ್ಪ? 1 ಮಿ.ಮೀ. ತಗಡಿಗೆ ಒಪ್ಪುವ ವಿಧಾನ 12 ಮಿ.ಮೀ. ಪ್ಲೇಟಿಗೆ ಒಪ್ಪಬೇಕೆಂದಿಲ್ಲ. ಕೆಲಸ ಎಲ್ಲಿ, ನಾಲ್ಕು ಗೋಡೆಯೊಳಗೋ ಬಯಲಲ್ಲೋ? ಈ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದೇ ಇಲ್ಲ, ಆದರೆ ತೀರ್ಮಾನ ಮಾಡುವುದು ಬಹಳ ಸಲ ಇದೇ. ನಿಮ್ಮ ಕೈಗೆ ಬರುವ ಲೋಹ ಹೊಸದೋ, ತುಕ್ಕು ಹಿಡಿದ ಹಳೆಯದೋ? ದಿನವಿಡೀ ವೆಲ್ಡ್ ಮಾಡುತ್ತೀರೋ, ವಾರಕ್ಕೊಮ್ಮೆ ನಾಲ್ಕು ಟ್ಯಾಕ್ (ಚುಕ್ಕಿ ಬೆಸುಗೆ) ಹಾಕುತ್ತೀರೋ? ಆ ಬೆಸುಗೆ ಭಾರ ಹೊರಬೇಕೋ, ಕಣ್ಣಿಗೆ ಚೆಂದ ಕಂಡರೆ ಸಾಕೋ?

ಖರ್ಚಿನ ಲೆಕ್ಕ ಹಾಕುವಾಗ ಮೆಷಿನ್ ಬೆಲೆಗೆ ನಿಲ್ಲಬೇಡಿ. ಅನಿಲದ ಸಿಲಿಂಡರ್, ಅದನ್ನು ತುಂಬಿಸುವ ಓಡಾಟ, ರೆಗ್ಯುಲೇಟರ್, ತಂತಿ, ಸವೆಯುವ ಟಿಪ್ಪುಗಳು, ಗ್ರೈಂಡಿಂಗ್ ಡಿಸ್ಕ್, ಹೆಲ್ಮೆಟ್, ಕೈಗವಸು ಎಲ್ಲವೂ ಸೇರಬೇಕು. ಕಲಿಯಲು ಹಿಡಿಯುವ ಕಾಲವೂ ಖರ್ಚೇ.

ಗ್ಯಾಸ್: ಕರೆಂಟು ಬೇಡದ ಹಳೆಯ ಗೆಳೆಯ

ವಿದ್ಯುತ್ ಬರುವ ಮೊದಲು ಬೆಸುಗೆ ಎಂದರೆ ಕುಲುಮೆಯದೇ. ಕಬ್ಬಿಣದ ಎರಡು ತುಂಡುಗಳನ್ನು ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದು ಒಂದು ಮಾಡುವುದು. ದೆಹಲಿಯ ಕಬ್ಬಿಣದ ಕಂಬ, ಆರು ಟನ್‌ಗೂ ಮೀರಿದ ತೂಕದ್ದು, ಹೀಗೆ ತುಂಡು ತುಂಡಾಗಿ ಬೆಸೆದು ಕಟ್ಟಿದ್ದು. ಅಲ್ಲಿಯೂ ಗಾಳಿಯ ತೊಂದರೆ ಇತ್ತು. ಕಮ್ಮಾರರು ಮರಳು, ಬಿಳಿಗಾರ ಉದುರಿಸಿ ಮೇಲಿನ ಆಕ್ಸೈಡ್ ಪೊರೆಯನ್ನು ನೀರಾಗಿಸಿ ಹೊರದೂಡುತ್ತಿದ್ದರು.

1895ರಲ್ಲಿ ಫ್ರಾನ್ಸಿನ ಲೆ ಶಾಟೆಲಿಯೆ ಆಮ್ಲಜನಕದೊಂದಿಗೆ ಉರಿಸಿದ ಅಸಿಟಿಲೀನ್ 3,000 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವಾಲೆ ಕೊಡುತ್ತದೆಂದು ತೋರಿಸಿದ. ಉಕ್ಕು ಕರಗಲು 1,500 ಡಿಗ್ರಿ ಆಸುಪಾಸು ಸಾಕು. ಮುಂದಿನ ದಶಕದ ಆರಂಭದಲ್ಲಿ ಅದೇ ದೇಶದ ಫೂಶೆ ಮತ್ತು ಪಿಕಾರ್ ಇದಕ್ಕೊಂದು ಟಾರ್ಚ್ (ಜ್ವಾಲೆ ಹೊರಬರುವ ಕೈಹಿಡಿ) ರೂಪಿಸಿದರು. ಇಲ್ಲಿ ಗಾಳಿಯನ್ನು ತಡೆಯುವುದು ಜ್ವಾಲೆಯ ಹೊರ ಪದರವೇ.

ಗ್ಯಾಸಿನ ದೊಡ್ಡ ಗುಣ ಎಂದರೆ ಶಾಖ ಒಂದು ಕೈಯಲ್ಲಿ, ತುಂಬುವ ರಾಡು ಇನ್ನೊಂದು ಕೈಯಲ್ಲಿ. ಎರಡೂ ನಿಮ್ಮ ಹಿಡಿತದಲ್ಲಿ. ಅದೇ ಸಾಮಾನಿನಿಂದ ಬ್ರೇಜಿಂಗ್ (ತುಂಡುಗಳನ್ನು ಕರಗಿಸದೆ, ಬೇಗ ಕರಗುವ ಬೇರೆ ಲೋಹ ತುಂಬಿ ಬೆಸೆಯುವುದು) ಮಾಡಬಹುದು, ಕಚ್ಚಿಕೊಂಡ ಬೋಲ್ಟ್ ಕಾಯಿಸಿ ಬಿಚ್ಚಬಹುದು, ಸರಳು ಬಗ್ಗಿಸಬಹುದು, ಕಟಿಂಗ್ ಟಾರ್ಚ್ ಹಾಕಿದರೆ ದಪ್ಪ ಪ್ಲೇಟ್ ಕತ್ತರಿಸಬಹುದು. ದೋಷವೆಂದರೆ ಶಾಖ ಒಂದೆಡೆ ನಿಲ್ಲುವುದಿಲ್ಲ. ಜೋಡಣೆಯ ಸುತ್ತ ಅಗಲಕ್ಕೆ ಹರಡಿ ತಗಡು ಸೊಟ್ಟಗಾಗುತ್ತದೆ. ಕೆಲಸವೂ ನಿಧಾನ. ಜತೆಗೆ ಅಸಿಟಿಲೀನ್ ಹುಷಾರಾಗಿ ಬಳಸಬೇಕಾದ ಅನಿಲ: ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಟಾರ್ಚಿಗೆ ಬಿಡುವ ಒತ್ತಡ 15 ಪಿಎಸ್‌ಐ (ಒಂದು ಚದರ ಇಂಚಿಗೆ 15 ಪೌಂಡ್) ದಾಟಬಾರದು, ಆಮ್ಲಜನಕದ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಲೇಬಾರದು.

ಇವತ್ತು ಬರೀ ವೆಲ್ಡಿಂಗ್‌ಗಾಗಿ ಗ್ಯಾಸ್ ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಾಯಿಸುವ, ಕತ್ತರಿಸುವ, ಬ್ರೇಜ್ ಮಾಡುವ ಕೆಲಸ ನಿತ್ಯ ಇರುವವರಿಗೆ ಮಾತ್ರ ಅದಕ್ಕೆ ಸಾಟಿಯಿಲ್ಲ.

ಸ್ಟಿಕ್: ಬಯಲಿನ ಯಜಮಾನ

1880ರ ದಶಕದಲ್ಲಿ ರಷ್ಯಾ ಸಾಮ್ರಾಜ್ಯದ ಬೆನಾರ್ಡೋಸ್ ಮತ್ತು ಓಲ್ಶೆವ್‌ಸ್ಕಿ ಇಂಗಾಲದ ಕಡ್ಡಿಯಿಂದ ಆರ್ಕ್ (ಕಡ್ಡಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆ) ಎಬ್ಬಿಸಿ ಲೋಹ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. 1888ರಲ್ಲಿ ಸ್ಲಾವ್ಯಾನೋವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಇಟ್ಟ. ಕಡ್ಡಿಯೇ ಕರಗಿ ಸಂದು ತುಂಬಿತು. ಉಪಾಯ ಸೊಗಸಾದದ್ದೇ, ಆದರೆ ಬರಿಯ ಕಡ್ಡಿಯ ಬೆಸುಗೆಗೆ ಗಾಳಿ ತಾಗಿ ಅದು ಪೆಡಸಾಗುತ್ತಿತ್ತು, ಆರ್ಕ್ ಕೂಡ ನಿಲ್ಲುತ್ತಿರಲಿಲ್ಲ. ಸ್ವೀಡನ್ನಿನ ಆಸ್ಕರ್ ಶೆಲ್‌ಬರಿ ಹಡಗಿನ ಬಾಯ್ಲರ್ ರಿಪೇರಿಗೆಂದು ಕಡ್ಡಿಗೆ ಲೇಪ ಹಚ್ಚಿದ. 1904ರಲ್ಲಿ ಆತ ಕಟ್ಟಿದ ಇಸಾಬ್ ಕಂಪನಿ ಇಂದಿಗೂ ಇದೆ.

ಆ ಲೇಪವೇ ಸ್ಟಿಕ್ಕಿನ ಜೀವ. ಉರಿಯುವಾಗ ಅನಿಲವಾಗಿ ಗಾಳಿಯನ್ನು ತಳ್ಳುತ್ತದೆ, ಕರಗಿ ಸ್ಲ್ಯಾಗ್ ಆಗಿ ಬಿಸಿ ಲೋಹದ ಮೇಲೆ ಹೊದಿಕೆ ಹಾಸುತ್ತದೆ. ಕಾವಲುಗಾರ ರಾಡಿನ ಜತೆಯಲ್ಲೇ ಬರುವುದರಿಂದ ಬೇರೆ ಸಿಲಿಂಡರ್ ಬೇಡ. ಗಾಳಿ ಬೀಸುವ ಬಯಲು, ಎತ್ತರದ ಟ್ರಸ್, ಹೊಲದ ನಡುವಿನ ಟ್ರೇಲರ್ ಎಲ್ಲಿಯಾದರೂ ನಡೆಯುತ್ತದೆ. ಎರಡು ಕೇಬಲ್, ಒಂದು ಹೋಲ್ಡರ್, ಒಂದು ಅರ್ಥ್ ಕ್ಲಾಂಪ್. ಕೆಡಲು ಹೆಚ್ಚೇನೂ ಇಲ್ಲ. ಸಾಮಾನೂ ಎಲ್ಲಕ್ಕಿಂತ ಅಗ್ಗ.

ಸ್ಟಿಕ್‌ನಲ್ಲಿ ಮೆಷಿನ್‌ಗಿಂತ ರಾಡಿನ ಆಯ್ಕೆ ಮುಖ್ಯ. ರಾಡಿನ ಮೇಲಿನ ಅಂಕಿಗೆ ಅರ್ಥವಿದೆ. 6013ರ ಮೊದಲ 60 ಎಂದರೆ ಬೆಸುಗೆಯ ಲೋಹ ಒಂದು ಚದರ ಇಂಚಿಗೆ ಕನಿಷ್ಠ 60,000 ಪೌಂಡ್ ಎಳೆತ ತಡೆಯುತ್ತದೆ. ಮೂರನೆಯ ಅಂಕಿ 1 ಇದ್ದರೆ ಅಡ್ಡ, ನಿಲುವು, ತಲೆಯ ಮೇಲೆ ಹೀಗೆ ಎಲ್ಲ ಭಂಗಿಗೂ ಆದೀತು. ಕೊನೆಯದು ಲೇಪದ ಜಾತಿ. 6013 ಮೆತ್ತಗೆ ಹೊತ್ತಿಕೊಳ್ಳುತ್ತದೆ, ಆಳಕ್ಕೆ ಇಳಿಯುವುದು ಕಡಿಮೆ, ಕಲಿಯುವವರಿಗೆ, ಗ್ರಿಲ್, ಗೇಟಿಗೆ ಚೆನ್ನ. 6010 ಚಟಪಟ ಸಿಡಿಯುತ್ತ ಆಳಕ್ಕೆ ಅಗೆಯುತ್ತದೆ, ಪೈಪಿನ ಮೊದಲ ಪದರಕ್ಕೆ ಬೇಕು, ಡಿಸಿ ಬೇಡುತ್ತದೆ. ಭಾರ ಹೊರುವ ಕೆಲಸಕ್ಕೆ 7018. ಇದರ ಲೇಪದಲ್ಲಿ ಜಲಜನಕ ಕಡಿಮೆ. ಆದರೆ ತೇವ ಹೀರಿಕೊಂಡರೆ ಅದರ ಗುಣವೇ ಹೋಯಿತು. ತೇವದಿಂದ ಬಂದ ಜಲಜನಕ ಗಟ್ಟಿ ಉಕ್ಕಿನೊಳಗೆ ಸೇರಿದರೆ, ಸಂಜೆ ನೋಡಲು ನೆಟ್ಟಗಿದ್ದ ಬೆಸುಗೆ ಮಾರನೆಯ ದಿನ ಬಿರುಕು ಬಿಟ್ಟಿರಬಹುದು. ಅದಕ್ಕೇ ಪ್ಯಾಕ್ ಒಡೆದ 7018 ರಾಡುಗಳನ್ನು 120 ಡಿಗ್ರಿಗೂ ಮೇಲೆ ಕಾದ ಓವನ್ನಿನಲ್ಲಿ ಇಡುವ ಪದ್ಧತಿ. ಮೂಲೆಯಲ್ಲಿ ಬಿದ್ದಿದ್ದ ರಾಡನ್ನು ಬಿಸಿಲಿಗೆ ಒಣಗಿಸಿ ಬಳಸುವವರನ್ನು ನೋಡಿದ್ದೇನೆ. ಗೇಟಿಗಾದರೆ ನಡೆದೀತು, ಕ್ರೇನಿನ ಕೊಕ್ಕೆಗೆ ಖಂಡಿತ ಬೇಡ.

ಕಷ್ಟಗಳೂ ಇವೆ. ಕಲಿಯುವ ಮೊದಲ ದಿನಗಳಲ್ಲಿ ರಾಡು ಪ್ಲೇಟಿಗೆ ಅಂಟಿಕೊಂಡು ಕೆಂಪಗಾಗುತ್ತದೆ. ಹೋಲ್ಡರನ್ನು ಥಟ್ಟನೆ ಓರೆಗೆ ತಿರುಚಿ ಕಿತ್ತುಕೊಳ್ಳಬೇಕು. ಬೆಂಕಿಕಡ್ಡಿ ಗೀರಿದಂತೆ ಗೀರಿ, ಆರ್ಕ್ ಹೊತ್ತಿದೊಡನೆ ರಾಡಿನ ದಪ್ಪದಷ್ಟೇ ಅಂತರಕ್ಕೆ ಎತ್ತಿ, ರಾಡು ಕರಗಿ ಗಿಡ್ಡವಾಗುತ್ತ ಹೋದಂತೆ ಕೈಯನ್ನು ಅಷ್ಟಷ್ಟೇ ಇಳಿಸುತ್ತ ಹೋಗಬೇಕು. ಅಂತರ ಸರಿಯಿದ್ದರೆ ಒಂದೇ ಸಮನೆ ಚರಚರ ಸದ್ದು; ಹೆಚ್ಚಾದರೆ ಬುಸುಬುಸು ಎಂದು ಕಿಡಿ ಚೆಲ್ಲಾಡುತ್ತದೆ. ಒಳ್ಳೆಯ ಬೆಸುಗೆಯ ಸ್ಲ್ಯಾಗ್ ತಣ್ಣಗಾಗುವಾಗ ತಾನೇ ಸುರುಳಿಯಾಗಿ ಏಳುತ್ತದೆ, ಕೆಟ್ಟದರದ್ದು ಸುತ್ತಿಗೆಯಲ್ಲಿ ಕುಟ್ಟಿದರೂ ಸಂದು ಬಿಡದು. ಕೊನೆಯ ಎರಡು ಇಂಚು ರಾಡು ಎಸೆಯಬೇಕಾದ್ದರಿಂದ ನಷ್ಟವೂ ಇದೆ. 2 ಮಿ.ಮೀ.ಗಿಂತ ತೆಳುವಾದ ತಗಡಿಗೆ ಸ್ಟಿಕ್ ಹಿಡಿದರೆ ಬೆಸೆಯುವುದಕ್ಕಿಂತ ತೂತು ಮಾಡುವುದೇ ಹೆಚ್ಚು. ಪಳಗಿದ ಕೈಗೆ ಆಗುತ್ತದೆ, ಇಲ್ಲವೆಂದಲ್ಲ. ಹೊಸಬರು ಆ ಹಟಕ್ಕೆ ಬೀಳುವುದು ಬೇಡ.

ಆಂಪಿಯರ್ ಇಡಲು ಒಂದು ಒರಟು ಲೆಕ್ಕ: ರಾಡಿನ ದಪ್ಪ ಒಂದು ಮಿ.ಮೀ.ಗೆ ಸುಮಾರು 30ರಿಂದ 40. ಹಾಗಾಗಿ 2.5 ಮಿ.ಮೀ. ರಾಡಿಗೆ 80-90, 3.15ಕ್ಕೆ 110-120ರಿಂದ ಶುರುಮಾಡಿ ಸದ್ದು ನೋಡಿ ಹೊಂದಿಸಿಕೊಳ್ಳಿ. ಅಂದಮೇಲೆ ಮನೆ ಬಳಕೆಗೆ 300 ಆಂಪಿಯರ್ ಮೆಷಿನ್ ಏಕೆ?

ಮಿಗ್: ಕೈಗೆ ಬೇಗ ಬರುವುದು, ಕಣ್ಣಿಗೆ ಬೇಗ ಮೋಸ ಮಾಡುವುದು

ಎರಡನೆಯ ಮಹಾಯುದ್ಧದ ಬಳಿಕ ಕಾರ್ಖಾನೆಗಳಿಗೆ ಬೇಕಾದದ್ದು ವೇಗ. ರಾಡು ಬದಲಿಸಲು ನಿಲ್ಲುವುದು, ಸ್ಲ್ಯಾಗ್ ಕುಟ್ಟುವುದು ಎರಡೂ ದಂಡ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ರೂಪುಗೊಂಡ ಮಿಗ್‌ನಲ್ಲಿ ಸುರುಳಿಯಿಂದ ತಂತಿ ತಾನೇ ಬರುತ್ತದೆ, ಸುತ್ತ ಅನಿಲ ಹರಿಯುತ್ತದೆ. ಮೊದಲು ಬಳಸಿದ್ದು ಅಲ್ಯೂಮಿನಿಯಂಗೆ. ಆರ್ಗಾನ್, ಹೀಲಿಯಂ ದುಬಾರಿಯಾದ್ದರಿಂದ ಸಾಮಾನ್ಯ ಉಕ್ಕಿಗೆ ಯಾರೂ ಕೈಹಾಕಲಿಲ್ಲ. 1953ರಲ್ಲಿ ಸೋವಿಯತ್ ಎಂಜಿನಿಯರುಗಳು ಅಗ್ಗದ ಕಾರ್ಬನ್ ಡೈಆಕ್ಸೈಡ್ ಬಳಸಿ ತೋರಿಸಿದ ಮೇಲೆ ಲೆಕ್ಕ ಬದಲಾಯಿತು. ವರ್ಕ್‌ಶಾಪಿನವರು ಇದನ್ನು ಸಿಒ2 ವೆಲ್ಡಿಂಗ್ ಎನ್ನುವುದು ಅದಕ್ಕೇ. ಅದೇ ದಶಕದ ಕೊನೆಗೆ ಸಣ್ಣ ತಂತಿ, ಕಡಿಮೆ ವೋಲ್ಟೇಜಿನಲ್ಲಿ ಹನಿ ಹನಿಯಾಗಿ ಲೋಹ ಇಳಿಸುವ ಬಗೆ ಬಂದು ತೆಳು ತಗಡಿಗೂ ಮಿಗ್ ಒಗ್ಗಿತು. ಕಾರಿನ ಬಾಡಿ ಕೆಲಸ ಗ್ಯಾಸಿನಿಂದ ಇದರ ಕೈಗೆ ಜಾರಿತು.

ಟ್ರಿಗರ್ ಒತ್ತಿದರೆ ಆರ್ಕ್. ಒಂದು ವಾರಾಂತ್ಯದಲ್ಲಿ ನೋಡಲು ಒಪ್ಪವಾದ ಸಾಲು ಎಳೆಯುವುದು ಸಾಧ್ಯ. ಅಪಾಯ ಇರುವುದೂ ಅಲ್ಲೇ. ಶಾಖ ಕಡಿಮೆ ಇಟ್ಟು ದಪ್ಪ ಪ್ಲೇಟಿನ ಮೇಲೆ ಎಳೆದರೆ ತಂತಿ ಕರಗಿ ಮೇಲೆ ಕೂರುತ್ತದೆಯೇ ಹೊರತು ಕೆಳಗಿನ ಲೋಹದೊಂದಿಗೆ ಬೆರೆಯುವುದಿಲ್ಲ. ಕಣ್ಣಿಗೆ ಅಂದ, ಒಂದು ಏಟಿಗೆ ಸಿಪ್ಪೆಯಂತೆ ಕಿತ್ತು ಬರುತ್ತದೆ. ಕೆಟ್ಟ ಸ್ಟಿಕ್ ಬೆಸುಗೆ ತಾನು ಕೆಟ್ಟದೆಂದು ಮುಖದಲ್ಲೇ ಹೇಳುತ್ತದೆ. ಕೆಟ್ಟ ಮಿಗ್ ಹಾಗಲ್ಲ. ಭಾರ ಹೊರುವ ಕೆಲಸಕ್ಕೆ ಸಣ್ಣ ಮಿಗ್ ಮೆಷಿನ್ ಹಿಡಿಯುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ದೌರ್ಬಲ್ಯ ಗಾಳಿ. ನಿಮಿಷಕ್ಕೆ 10ರಿಂದ 15 ಲೀಟರ್ ಹರಿಯುವ ಅನಿಲದ ಪರದೆಯನ್ನು ಸೆಕೆಂಡಿಗೆ ಎರಡು ಮೀಟರಿನ ತಂಗಾಳಿಯೇ ಕೆಡಿಸಬಲ್ಲದು, ಪಕ್ಕದ ಫ್ಯಾನ್ ಕೂಡ. ಅನಿಲ ಯಾವುದು ಎಂಬುದರಲ್ಲೂ ಕೊಡುಕೊಳ್ಳು ಇದೆ: ಶುದ್ಧ ಸಿಒ2 ಅಗ್ಗ, ಆಳಕ್ಕೆ ಇಳಿಯುತ್ತದೆ, ಕಿಡಿ ಜಾಸ್ತಿ, ಮುಕ್ಕಾಲು ಆರ್ಗಾನ್ ಬೆರೆಸಿದರೆ ನಯ, ಖರ್ಚು ಜಾಸ್ತಿ. ತುಕ್ಕು, ಬಣ್ಣ ಇರುವ ಲೋಹವನ್ನು ಗ್ರೈಂಡ್ ಮಾಡದೆ ಮಿಗ್ ಹಿಡಿಯಬೇಡಿ.

ಬಯಲಿನಲ್ಲೂ ತಂತಿಯೇ ಬೇಕೆನ್ನುವವರಿಗೆ 1950ರ ದಶಕದಲ್ಲಿ ಬಂದ ಫ್ಲಕ್ಸ್ ಕೋರ್ ತಂತಿ ಇದೆ. ಫ್ಲಕ್ಸ್, ಅಂದರೆ ಸ್ಟಿಕ್ಕಿನ ಲೇಪದಂಥ ಪುಡಿಯನ್ನು, ತಂತಿಯ ಒಳಗೆ ತುಂಬಿದ ಹಾಗೆ. ಅದರಲ್ಲಿ ಎರಡು ಜಾತಿ, ಒಂದಕ್ಕೆ ಹೊರಗಿನ ಅನಿಲವೂ ಬೇಕು, ಇನ್ನೊಂದಕ್ಕೆ ಬೇಡ. ಅನಿಲ ಬೇಡದ ತಂತಿಗೆ ಸಾಮಾನ್ಯವಾಗಿ ಟಾರ್ಚ್ ನೆಗೆಟಿವ್‌ಗೆ ಇರಬೇಕು, ಸಾದಾ ಮಿಗ್ ತಂತಿಗೆ ಪಾಸಿಟಿವ್‌ಗೆ. ತಂತಿ ಬದಲಿಸಿ ಟರ್ಮಿನಲ್ ಬದಲಿಸದೆ, ಬರೀ ಕಿಡಿ ಬರುತ್ತದೆ ಎಂದು ಮೆಷಿನ್ನನ್ನು ಬೈಯುವವರು ಬಹಳ. ಹೊಗೆ, ಸ್ಲ್ಯಾಗ್ ಎರಡೂ ಇರುತ್ತವೆ.

ಟಿಗ್: ನಿಧಾನ, ಶುದ್ಧ, ದುಬಾರಿ

1940ರ ಸುಮಾರಿಗೆ ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪನಿಗೆ ಮೆಗ್ನೀಸಿಯಂನಲ್ಲಿ ವಿಮಾನ ಕಟ್ಟುವ ಆಸೆ. ಆ ಲೋಹಕ್ಕೆ ಬಿಸಿಯಲ್ಲಿ ಗಾಳಿ ಸೋಕಿದರೆ ಹೊತ್ತಿ ಉರಿಯುತ್ತದೆ, ಫ್ಲಕ್ಸ್ ಉಳಿದರೆ ತಿಂದುಹಾಕುತ್ತದೆ. ಅಲ್ಲಿನ ರಸೆಲ್ ಮೆರೆಡಿತ್ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಎಬ್ಬಿಸಿ, ಸುತ್ತ ಹೀಲಿಯಂ ಹರಿಸಿದ. ಟಂಗ್‌ಸ್ಟನ್ 3,400 ಡಿಗ್ರಿ ದಾಟುವವರೆಗೆ ಕರಗದು, ಹೀಲಿಯಂ ಯಾವುದರ ಜತೆಗೂ ಕೂಡದು. ಈಗ ಹೀಲಿಯಂ ಬದಲು ಹೆಚ್ಚಾಗಿ ಆರ್ಗಾನ್, ಅದಕ್ಕೇ ಆರ್ಗಾನ್ ವೆಲ್ಡಿಂಗ್ ಎಂಬ ರೂಢಿಯ ಹೆಸರು.

ಟಿಗ್ ಇಂದಿಗೂ ತನ್ನ ಹುಟ್ಟುಗುಣ ಬಿಟ್ಟಿಲ್ಲ. ತೆಳು, ಹಟಮಾರಿ, ದುಬಾರಿ ಲೋಹಕ್ಕೆ ಅದೇ ಸರಿ. ಅರ್ಧ ಮಿ.ಮೀ. ಸ್ಟೇನ್‌ಲೆಸ್ ತಗಡು, ಸೈಕಲ್ ಫ್ರೇಮ್, ಟೈಟಾನಿಯಂ ಕೊಳವೆ, ಆಹಾರ ಕಾರ್ಖಾನೆಯ ಪೈಪು ಎಲ್ಲ ಇದರ ಪಾಲು. ಸ್ಲ್ಯಾಗ್ ಇಲ್ಲ, ಕಿಡಿ ಇಲ್ಲ. ಬಲಗೈಲಿ ಟಾರ್ಚ್, ಎಡಗೈಲಿ ಫಿಲ್ಲರ್, ಹಲವು ಕಡೆ ಕಾಲಡಿ ಶಾಖ ಹೆಚ್ಚುಕಡಿಮೆ ಮಾಡುವ ಪೆಡಲ್. ಟಂಗ್‌ಸ್ಟನ್ ಮೊನೆ ಒಮ್ಮೆ ಕರಗಿದ ಲೋಹಕ್ಕೆ ಮುಟ್ಟಿತೋ, ನಿಲ್ಲಿಸಿ ಮತ್ತೆ ಅರೆದು ಚೂಪು ಮಾಡಬೇಕು. ಲೋಹ ಒರೆಸಿದ ಕನ್ನಡಿಯಂತಿರಬೇಕು. ಆದರೆ ಕ್ಲೋರಿನ್ ಇರುವ ಕ್ಲೀನರಿನಿಂದ ಒರೆಸಿ ಆರ್ಕ್ ಹೊತ್ತಿಸಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಮೀರಿದ ಶಾಖ ಬೇಕು. ಆ ಪೊರೆಯನ್ನು ಒಡೆಯಲು ಸಾಮಾನ್ಯವಾಗಿ ಎಸಿ ಕರೆಂಟ್ ಬಳಸುತ್ತಾರೆ. ಅಗ್ಗದ ಟಿಗ್ ಮೆಷಿನ್‌ಗಳು, ‘ಸ್ಟಿಕ್ ಜತೆ ಟಿಗ್ ಕೂಡ’ ಎನ್ನುವ ಇನ್ವರ್ಟರುಗಳು (ಹಗುರವಾದ ಎಲೆಕ್ಟ್ರಾನಿಕ್ ವೆಲ್ಡಿಂಗ್ ಮೆಷಿನ್‌ಗಳು) ಬಹುಪಾಲು ಡಿಸಿ ಮಾತ್ರ. ಅವುಗಳಲ್ಲಿ ಎಂಎಸ್, ಸ್ಟೇನ್‌ಲೆಸ್ ಆಗುತ್ತದೆ, ಅಲ್ಯೂಮಿನಿಯಂ ನೆಚ್ಚಿಕೊಳ್ಳಬೇಡಿ. ಅಲ್ಯೂಮಿನಿಯಂಗೆಂದೇ ಟಿಗ್ ಬೇಕಿದ್ದರೆ ಎಸಿ-ಡಿಸಿ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ.

ಉಳಿದವು

ಎಲಿಹು ಥಾಮ್ಸನ್ 1880ರ ದಶಕದಲ್ಲಿ ಕಂಡುಕೊಂಡ ಪ್ರತಿರೋಧ ಬೆಸುಗೆಯ (ಲೋಹದೊಳಗೆ ಕರೆಂಟ್ ಹಾಯಿಸಿದಾಗ ಹುಟ್ಟುವ ಶಾಖದಲ್ಲೇ ಬೆಸೆಯುವುದು) ಮಗುವೇ ಸ್ಪಾಟ್ ವೆಲ್ಡಿಂಗ್. ಒಂದರ ಮೇಲೊಂದಿಟ್ಟ ತೆಳು ತಗಡಿಗೆ, ಒಂದೇ ಬಗೆಯ ಸಾಮಾನು ನೂರಾರು ಮಾಡುವವರಿಗೆ ಅದು ಸಾಕು. ಫ್ಲಕ್ಸ್ ಪುಡಿಯ ರಾಶಿಯಡಿ ಉರಿಯುವ ಸಬ್‌ಮರ್ಜ್ಡ್ ಆರ್ಕ್ ಹಡಗು, ಒತ್ತಡದ ಟ್ಯಾಂಕುಗಳ ಉದ್ದುದ್ದ ಸಾಲಿಗೆ. 1991ರಲ್ಲಿ ಇಂಗ್ಲೆಂಡಿನ ಟಿಡಬ್ಲ್ಯುಐ ಸಂಸ್ಥೆಯಿಂದ ಬಂದ ಫ್ರಿಕ್ಷನ್ ಸ್ಟರ್ ಲೋಹವನ್ನು ಕರಗಿಸದೆ ತಿರುವಿ ಬೆಸೆಯುತ್ತದೆ. ಇವೆರಡೂ ಕಾರ್ಖಾನೆಯ ಮಾತು. ಕೈಯಲ್ಲಿ ಹಿಡಿಯುವ ಲೇಸರ್ ಮಾತ್ರ ಈಗ ಸಣ್ಣ ವರ್ಕ್‌ಶಾಪಿಗೂ ಬರುತ್ತಿದೆ. ತೆಳು ಸ್ಟೇನ್‌ಲೆಸ್‌ಗೆ ಅದರ ವೇಗ ನಿಜ. ಆದರೆ ಕಣ್ಣಿಗೆ ಕಾಣದ ಆ ಕಿರಣ ಹೊಳೆಯುವ ಲೋಹದಿಂದ ಪ್ರತಿಫಲಿಸಿ ಪಕ್ಕದಲ್ಲಿ ನಿಂತವರ ದೃಷ್ಟಿಯನ್ನೂ ಕಿತ್ತುಕೊಳ್ಳಬಲ್ಲದು. ಮುಚ್ಚಿದ ಕೋಣೆ, ಆ ತರಂಗಕ್ಕೆಂದೇ ಮಾಡಿದ ಕನ್ನಡಕ ಇಲ್ಲದೆ ಅದರ ಗೊಡವೆ ಬೇಡ.

ಭಾರ ಹೊರುವ ಕೆಲಸವಾದರೆ

1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಟ್ಯಾಂಕರ್ ಹಡಗು ನಿಂತ ನೀರಿನಲ್ಲೇ ನಡುವೆ ಬಿರಿಯಿತು. ಆ ಕಾಲದಲ್ಲಿ ಅವಸರವಸರವಾಗಿ ವೆಲ್ಡ್ ಮಾಡಿ ಕಟ್ಟಿದ ಲಿಬರ್ಟಿ ಎಂಬ ಯುದ್ಧಕಾಲದ ಸರಕು ಹಡಗುಗಳಲ್ಲೂ ಬಿರುಕು ಕಂಡಿತು. ದೂರು ಮೊದಲು ಬಂದದ್ದು ವೆಲ್ಡರುಗಳ ಮೇಲೆ. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಉಕ್ಕನ್ನೇ ಪರೀಕ್ಷಿಸಿ, ಅದು ಚಳಿಯಲ್ಲಿ ಪೆಡಸಾಗುತ್ತದೆ ಎಂದು ತೋರಿಸಿದರು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ಪ್ಲೇಟಿನ ಅಂಚಿಗೆ ಬಂದು ನಿಲ್ಲಬಹುದಿತ್ತು. ಬೆಸೆದ ಹಡಗು ಒಂದೇ ತುಂಡಾದ್ದರಿಂದ ಬಿರುಕಿಗೆ ತಡೆಯೇ ಇರಲಿಲ್ಲ. ಚೂಪು ಮೂಲೆಗಳು ಅದಕ್ಕೆ ಬಾಗಿಲು ತೆರೆದಿದ್ದವು. ಆದ್ದರಿಂದ ಜೀವ ನೆಚ್ಚಿದ ಕೆಲಸದಲ್ಲಿ ಸ್ಟಿಕ್ಕೋ ಮಿಗ್ಗೋ ಎನ್ನುವುದಕ್ಕಿಂತ ಮೊದಲು ಲೋಹ ಯಾವುದು, ಜೋಡಣೆಯ ಆಕಾರ ಹೇಗೆ ಎಂಬುದನ್ನು ಬಲ್ಲವರಿಂದ ಕೇಳಿ.

ಹಾಗಾದರೆ ಯಾವುದು?

ಬಯಲು ಕೆಲಸ, ಹಳೆಯ ಕಬ್ಬಿಣ, ಕೈಯಲ್ಲಿ ಹಣ ಕಡಿಮೆ: ಮರುಮಾತಿಲ್ಲದೆ ಸ್ಟಿಕ್. 160 ಆಂಪಿಯರ್ ಸುಮಾರಿನ ಡಿಸಿ ಇನ್ವರ್ಟರ್ ಬಹುತೇಕರಿಗೆ ಧಾರಾಳ. ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಭಾರವಾದರೂ ಸಾಯುವುದಿಲ್ಲ, ಧೂಳಿಗೆ ಹೆದರುವುದಿಲ್ಲ, 6013 ಸಲೀಸಾಗಿ ಎಳೆಯುತ್ತದೆ. 7018 ಮಾತ್ರ ಅದರಲ್ಲಿ ಸತಾಯಿಸಬಹುದು.

ಛಾವಣಿಯಡಿ ಒಂದೇ ಬಗೆಯ ಹೊಸ ಎಂಎಸ್ ಕೆಲಸ, ದಿನಕ್ಕೆ ನಾಲ್ಕಾರು ಗಂಟೆ: ಮಿಗ್. ಮೆಷಿನ್, ಸಿಲಿಂಡರಿಗೆ ಹಾಕಿದ ಹಣ ವೇಗದಲ್ಲಿ ವಾಪಸು ಬರುತ್ತದೆ. ವಾರಕ್ಕೊಮ್ಮೆ ಮುಟ್ಟುವವರಿಗೆ ಅದೇ ಸಿಲಿಂಡರ್ ಮೂಲೆಯಲ್ಲಿ ನಿಂತ ಹಣ. ಸ್ಟೇನ್‌ಲೆಸ್ ಪೈಪು, ತೆಳು ಅಲ್ಯೂಮಿನಿಯಂನಲ್ಲೇ ಹೊಟ್ಟೆ ಹೊರೆಯುವವರಿಗೆ ಟಿಗ್, ಮತ್ತು ಕಲಿಯಲು ತಿಂಗಳುಗಟ್ಟಲೆ ತಾಳ್ಮೆ. ದಪ್ಪ ಅಲ್ಯೂಮಿನಿಯಂ ಹೇರಳವಾಗಿದ್ದರೆ ಮಿಗ್‌ಗೇ ಸ್ಪೂಲ್ ಗನ್ (ತಂತಿಯ ಸುರುಳಿಯನ್ನು ತನ್ನಲ್ಲೇ ಹೊತ್ತ ಟಾರ್ಚ್) ಹಾಕುವುದು ವಾಸಿ.

ಏನೂ ತೀರ್ಮಾನವಾಗದ ಹೊಸಬರಿಗೆ ನನ್ನ ಓಟು ಸ್ಟಿಕ್ಕಿಗೇ. ಕರಗಿದ ಲೋಹವನ್ನು ಓದಲು ಅದು ಕಲಿಸುತ್ತದೆ, ಬೇಡವೆನಿಸಿದರೆ ಕಳೆದುಕೊಳ್ಳುವುದೂ ಕಡಿಮೆ. ಮೂರೂ ಸೇರಿದ ಮೆಷಿನ್ ಬಗ್ಗೆ ಕೇಳಿದರೆ, ಯಾವ ಎರಡನ್ನು ನಿಜಕ್ಕೂ ಬಳಸುತ್ತೀರಿ ಎಂದು ನಿಮಗೆ ಗೊತ್ತಿದ್ದರೆ ಮಾತ್ರ ಕೊಳ್ಳಿ. ಒಂದು ಬೋರ್ಡ್ ಸುಟ್ಟರೆ ಮೂರೂ ನಿಲ್ಲುತ್ತವೆ.

ಆಂಪಿಯರ್ ನೋಡುವಾಗ ಪಕ್ಕದ ಡ್ಯೂಟಿ ಸೈಕಲ್ ಅಂಕಿಯನ್ನೂ ಓದಿ. 200 ಆಂಪಿಯರಿಗೆ ಶೇ. 60 ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ವೆಲ್ಡಿಂಗ್, ನಾಲ್ಕು ನಿಮಿಷ ತಣಿಯಲು. ಶೇ. 20 ಎಂದಿದ್ದರೆ ಎರಡೇ ನಿಮಿಷ. ಹಣ ಬಿಗಿಯಾಗಿದ್ದರೆ ಮೆಷಿನ್ನಿನಲ್ಲಿ ಉಳಿಸಿ, ಹೆಲ್ಮೆಟ್, ಚರ್ಮದ ಕೈಗವಸು, ಗಾಳಿಯಾಡುವ ವ್ಯವಸ್ಥೆಯಲ್ಲಿ ಬೇಡ. ಆರ್ಕ್ ನೋಡಿದ ಕಣ್ಣು ಆ ಕ್ಷಣಕ್ಕಲ್ಲ, ಗಂಟೆಗಟ್ಟಲೆ ಕಳೆದು ನಡುರಾತ್ರಿ ಮರಳು ತುಂಬಿದಂತೆ ಉರಿಯುತ್ತದೆ. ಸತುವಿನ ಲೇಪವಿರುವ ಜಿಐ ಪೈಪಿನ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಲೇಪವನ್ನು ಮೊದಲೇ ಅರೆದು ತೆಗೆಯಿರಿ.

ಸಾಧ್ಯವಾದರೆ ದುಡ್ಡು ಕೊಡುವ ಮೊದಲು ನಿಮ್ಮದೇ ಲೋಹದ ಎರಡು ತುಂಡು ಒಯ್ದು ಆ ಮೆಷಿನ್ನಿನಲ್ಲಿ ಬೆಸೆದು ನೋಡಿ. ಒಂದೇ ಬದಿಗೆ ಬೆಸೆದ ಟಿ ಆಕಾರದ ಜೋಡಣೆಯನ್ನು ವೈಸಿನಲ್ಲಿ ಹಿಡಿದು, ನಿಂತ ತುಂಡನ್ನು ಬೆಸುಗೆಯ ಕಡೆಗೇ ಮಡಚುವಂತೆ ಸುತ್ತಿಗೆಯಲ್ಲಿ ಬಡಿಯಿರಿ. ಲೋಹ ಬಗ್ಗಿ ಬೆಸುಗೆ ನಿಂತರೆ ಸರಿ. ಬೆಸುಗೆ ಒಡೆದರೆ ಒಳಮೈ ನೋಡಿ: ತೂತುಗಳಿದ್ದರೆ ಗಾಳಿ ಹೊಕ್ಕಿದೆ ಇಲ್ಲವೇ ಲೋಹ ಕೊಳಕಾಗಿದೆ; ಕೆಳಗಿನ ತುಂಡಿನ ಮೇಲ್ಮೈ ಕರಗದೆ ಗ್ರೈಂಡರಿನ ಗೀರುಗಳು ಹಾಗೇ ಉಳಿದಿದ್ದರೆ ಶಾಖ ಸಾಲದು.